ಪರಿಚಯದವರು ದೆವ್ವದ ಕಾದಂಬರಿ ತಂದಿದ್ದಾರಾ? ಓದಿ ಏನು ಹೇಳಬೇಕು, ಹೇಗೆ ಹೇಳಬೇಕು

ವಾಟ್ಸಾಪಿಗೆ ಒಂದು ಮುಖಪುಟ ಬರುತ್ತದೆ. ಕಪ್ಪು ಬಣ್ಣ, ಹಂಚಿನ ಮನೆ, ಒಂದೇ ಕಿಟಕಿಯಲ್ಲಿ ಕೆಂಪು ಬೆಳಕು, ರಕ್ತ ಸೋರುವ ಅಕ್ಷರ. ಹೆಸರು ನೋಡಿದರೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವರು, ಇಲ್ಲಾ ಮಗಳಿಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು, ಇಲ್ಲಾ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗ. ಪ್ರಕಾಶಕರೂ ಅವರೇ. ಕೈಯಿಂದ ದುಡ್ಡು ಹಾಕಿ ದೆವ್ವದ ಕಾದಂಬರಿ ತಂದಿದ್ದಾರೆ. ಕೆಳಗೆ "ಓದಿ ಅಭಿಪ್ರಾಯ ತಿಳಿಸಿ" ಅಂತ ಒಂದು ಸಾಲು. ಗ್ರೂಪಿನಲ್ಲಿದ್ದವರೆಲ್ಲ ಆಗಲೇ ಹೂಗುಚ್ಛದ ಚಿತ್ರ ಹಾಕಿ "ಅಭಿನಂದನೆಗಳು ಸರ್" ಅಂದು ಆಗಿದೆ. ಅವರಲ್ಲಿ ಎಷ್ಟು ಜನ ಓದುತ್ತಾರೆ ಅನ್ನುವುದು ಪಾಪ ಬರೆದವರಿಗೂ ಗೊತ್ತಿರುತ್ತದೆ.

ನೀವು ಓದುವವರ ಪೈಕಿ ಅಂತ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಓದಲ್ಲ ಅಂತಿದ್ದರೆ ನೀವೂ ಹೂಗುಚ್ಛ ಹಾಕಿ ಸುಮ್ಮನಾಗಿ, ಅದರಲ್ಲಿ ತಪ್ಪೇನಿಲ್ಲ.

"ಚೆನ್ನಾಗಿದೆ" ಅನ್ನುವ ಮಾತನ್ನು ಮುಖಪುಟ ಮಾತ್ರ ನೋಡಿದವರೂ ಹೇಳಬಹುದು. ದೆವ್ವದ ಕತೆ ಬರೆದವರ ತಲೆಯಲ್ಲಿ ಕೊರೆಯುವ ಪ್ರಶ್ನೆ ಒಂದೇ: ಓದಿದವರಿಗೆ ಹೆದರಿಕೆ ಆಯ್ತಾ? ಎಲ್ಲಿ ಆಯ್ತು, ಎಲ್ಲಿಗೆ ಬಂದಾಗ ಬಿಟ್ಟು ಹೋಯ್ತು? ಇದಕ್ಕೆ ಪುಟದ ನಂಬರ್ ಸಮೇತ ಉತ್ತರ ಕೊಟ್ಟರೆ ನೀವು ಸಾಹಿತ್ಯ ಓದಿದವರೋ ಅಲ್ಲವೋ ಯಾರೂ ಕೇಳುವುದಿಲ್ಲ. ಶೈಲಿ, ಪಾತ್ರಪೋಷಣೆ, ಸಾಮಾಜಿಕ ಕಳಕಳಿ ಎಲ್ಲ ಆಮೇಲೆ. ಹೆದರಿಸುತ್ತೇನೆ ಅಂತ ಹೊರಟ ಪುಸ್ತಕ ಹೆದರಿಸಿತಾ ಇಲ್ವಾ, ಅದನ್ನು ಹೇಳಿ.

ಮೊದಲು ದುಡ್ಡು ಕೊಡಿ

"ನಮಗೊಂದು ಕಾಪಿ ಇಡಿ ಮಾರಾಯ್ರೇ" ಅಂತ ಪುಕ್ಕಟೆ ಕೇಳಬೇಡಿ. ಮಲೆನಾಡಿನಲ್ಲಿ ಪರಿಚಯ ಇಲ್ಲದವರೇ ಇಲ್ಲ, ಪರಿಚಯದವರೆಲ್ಲ ಗೌರವ ಪ್ರತಿ ಕೇಳಿದರೆ ಮಾರಲಿಕ್ಕೆ ಏನೂ ಉಳಿಯುವುದಿಲ್ಲ. ಒಟ್ಟಿಗೆ ಅಚ್ಚು ಹಾಕಿಸಿದವರ ಮನೆಯಲ್ಲಿ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳಿರುತ್ತವೆ. ಒಂದು ಮಳೆಗಾಲ ಕಳೆದರೆ ಬೂಸ್ಟು, ಎರಡನೆಯದಕ್ಕೆ ಒರಲೆ. ಅಂಗಡಿಗೆ ಇಟ್ಟರೆ ಕಮಿಷನ್ ಅಂತ ಬೆಲೆಯಲ್ಲಿ ದೊಡ್ಡ ಪಾಲು ಹೋಗುತ್ತದೆ, ಆದ್ದರಿಂದ ಆದಷ್ಟೂ ನೇರವಾಗಿ ಅವರ ಹತ್ತಿರವೇ ತಗೊಳ್ಳಿ. ಅವರೇ ಪ್ರೀತಿಯಿಂದ ಸಹಿ ಹಾಕಿ ಕೈಗಿಟ್ಟರೆ ಬೇಡ ಅನ್ನಬೇಡಿ. ಇನ್ನೊಂದು ಪ್ರತಿ ದುಡ್ಡು ಕೊಟ್ಟು ತಗೊಂಡು ಓದುವ ಯಾರಿಗಾದರೂ ಕೊಡಿ.

"ಪಿಡಿಎಫ್ ಇದ್ರೆ ಹಾಕಿ" ಅಂತ ಗ್ರೂಪಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನಿಮ್ಮ ಹತ್ತಿರ ಇದ್ದರೂ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದವರಿಗೂ ಅನ್ವಯಿಸುತ್ತದೆ. ಎಲ್ಲೂ ನೋಂದಣಿ ಮಾಡಿಸದಿದ್ದರೂ ಹಕ್ಕು ಬರೆದವರದ್ದೇ, ಅವರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ.

ಓದುವ ಹೊತ್ತು

ಬೆಳಗಿನ ಜನಶತಾಬ್ದಿ ರೈಲಿನಲ್ಲಿ ಕೂತು, ಪಕ್ಕದಲ್ಲಿ ಇಡ್ಲಿ ವಡೆ ಕಾಫಿ ಅಂತ ಕೂಗುತ್ತಾ ಓಡಾಡುವಾಗ ಓದಿ, ಅರಸೀಕೆರೆ ಬರುವಷ್ಟರಲ್ಲಿ "ಹೆದರಿಕೇನೇ ಆಗ್ಲಿಲ್ಲಪ್ಪ" ಅನ್ನುವುದು ಅನ್ಯಾಯ. ಒಂದು ರಾತ್ರಿಯಾದರೂ ಕೊಡಿ. ಮನೆಯವರು ಮಲಗಿದ ಮೇಲೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಓದಿ. ಜೂನ್ ಜುಲೈಯಲ್ಲಾದರೆ ಇನ್ನೂ ಒಳ್ಳೆಯದು: ಹಂಚಿನ ಮೇಲೆ ಮಳೆ ಹೊಯ್ಯುತ್ತಿರುತ್ತದೆ, ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದು ಕರೆಂಟು ಹೋಗಿರುತ್ತದೆ, ಅಷ್ಟಾದರೂ ಪುಸ್ತಕ ನಿಮ್ಮನ್ನು ಹೆದರಿಸದಿದ್ದರೆ ಆಗ ಆ ಮಾತು ಹೇಳುವ ಅಧಿಕಾರ ನಿಮಗೆ ಬರುತ್ತದೆ.

ಪೆನ್ಸಿಲ್ ಹಿಡಿದು ಕೂರಿ. ಮೈ ಜುಂ ಅಂದ ಕಡೆ ಅಂಚಿನಲ್ಲಿ ಒಂದು ಗೀಟು. ಹೆದರಿಕೆ ಶುರುವಾಗಿದ್ದು ಠುಸ್ಸೆಂದ ಕಡೆ ಒಂದು ಸೊನ್ನೆ. ಪುಟ ಹಾರಿಸಬೇಕು ಅನಿಸಿದ ಕಡೆ ಅಡ್ಡಗೆರೆ. ಯಾಕೆ ಏನು ಅಂತ ಆಗಲೇ ಯೋಚಿಸಬೇಡಿ. ಯೋಚಿಸಲಿಕ್ಕೆ ಕೂತರೆ ನೀವು ಓದುಗರಾಗಿ ಉಳಿಯುವುದಿಲ್ಲ, ಪರೀಕ್ಷೆ ಪೇಪರ್ ತಿದ್ದುವವರಾಗುತ್ತೀರಿ.

ಗೀಟು ಮತ್ತು ಸೊನ್ನೆಗಳ ಮಧ್ಯೆ ಏನಾಯಿತು

ಮುಖ್ಯ ಭಾಗ ಇದು. ಮುಗಿದ ಮೇಲೆ ಗುರುತು ಹಾಕಿದ ಪುಟಗಳನ್ನು ಮಾತ್ರ ಮತ್ತೊಮ್ಮೆ ನೋಡಿ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ, ಯಾರ ಪುಸ್ತಕದ್ದೂ ಅಲ್ಲ. ಕಥಾನಾಯಕ ಬೆಂಗಳೂರಿನಿಂದ ಹೊಸನಗರದ ಕಡೆಯ ಅಜ್ಜನ ಮನೆಗೆ ಬರುತ್ತಾನೆ. ಮನೆಗೆ ಬೀಗ ಹಾಕಿ ವರ್ಷವಾಗಿದೆ. ರಾತ್ರಿ ಉಪ್ಪರಿಗೆ ಹತ್ತುತ್ತಾನೆ. ಅಲ್ಲಿ ಲೇಖಕರು ಬರೆಯುತ್ತಾರೆ: "ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಎದುರಿಗೆ ಅತಿ ಭಯಾನಕವಾದ, ಘೋರವಾದ, ವಿಕಾರವಾದ ಆಕೃತಿಯೊಂದು ನಿಂತಿತ್ತು. ಅವನ ಎದೆ ಝಲ್ಲೆಂದಿತು." ಎದೆ ಝಲ್ಲೆಂದಿದ್ದು ಅವನಿಗೆ, ನಮಗಲ್ಲ. ಭಯಾನಕ ಅಂತ ಅವರೇ ಹೇಳಿಬಿಟ್ಟ ಮೇಲೆ ನಮಗೆ ಮಾಡಲಿಕ್ಕೆ ಕೆಲಸ ಉಳಿಯಲಿಲ್ಲ. ಇಲ್ಲಿ ನಿಮ್ಮ ಸೊನ್ನೆ ಇರುತ್ತದೆ.

ಎರಡು ಪುಟ ಹಿಂದಕ್ಕೆ ಹೋದರೆ ಗೀಟು ಇದೆ. ಅಲ್ಲಿ ಇರುವುದು ಇಷ್ಟೇ: "ಕೈಕಾಲು ತೊಳೆಯೋಣ ಅಂತ ಬಚ್ಚಲಿಗೆ ಹೋದ. ಹಂಡೆಯ ನೀರು ಬಿಸಿ ಇತ್ತು." ವರ್ಷದಿಂದ ಆ ಒಲೆಗೆ ಸೌದೆ ಹಾಕಿದವರಿಲ್ಲ. ನಾಯಕ ಪ್ರಯಾಣದ ಸುಸ್ತಿನಲ್ಲಿ ಅದನ್ನು ಗಮನಿಸುವುದೂ ಇಲ್ಲ, ಚೊಂಬಿನಲ್ಲಿ ತೋಡಿ ಕಾಲಿಗೆ ಹೊಯ್ದುಕೊಂಡು ಹೋಗುತ್ತಾನೆ. ಗಮನಿಸಿದ್ದು ನಾವು. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗಿದೆ, ಹೇಳೋಣ ಅಂದರೆ ಅವನಿಗೆ ಕೇಳುವುದಿಲ್ಲ. ಮಲೆನಾಡಿನ ಮನೆಯಲ್ಲಿ ಹುಟ್ಟಿದವರಿಗೆ ಹಂಡೆ ನೀರು ಬಿಸಿಯಾಗಬೇಕಾದರೆ ಯಾರೋ ಒಬ್ಬರು ಅಲ್ಲಿ ಕೂತು ಒಲೆ ಊದಿರಬೇಕು ಅಂತ ಮೈಗೇ ಗೊತ್ತು. ಯಾರು ಅನ್ನುವುದೇ ಹೆದರಿಕೆ.

ಬಹಳ ಸಲ ಲೇಖಕರಿಗೆ ತಾವು ಬರೆದದ್ದರಲ್ಲಿ ಯಾವುದು ಹತ್ತಿತು ಅಂತ ಗೊತ್ತಿರುವುದಿಲ್ಲ. ಉಪ್ಪರಿಗೆಯ ಆಕೃತಿಗೆ ಅವರು ವಾರಗಟ್ಟಲೆ ಕಷ್ಟಪಟ್ಟಿರುತ್ತಾರೆ, ಹಂಡೆ ನೀರಿನ ಸಾಲು ಸುಮ್ನೆ ಬಂದುಬಿಟ್ಟಿರುತ್ತದೆ. ಆದ್ದರಿಂದ ಹೀಗೆ ಹೇಳಿ: "ಪುಟ 41ರಲ್ಲಿ ಹಂಡೆ ನೀರು ಬಿಸಿ ಇತ್ತು ಅಂತ ಓದಿ, ಎದ್ದು ಹೋಗಿ ನಮ್ಮ ಬಚ್ಚಲ ಬಾಗಿಲು ಹಾಕಿದೆಯಾ ನೋಡಿ ಬಂದೆ. ಪುಟ 43ರಲ್ಲಿ ಆಕೃತಿ ಬಂದ ಕೂಡಲೇ ಹೆದರಿಕೆ ಹೋಯಿತು." ಇದರಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆಯೂ ಇಲ್ಲ. ನಿಮಗೆ ಆದದ್ದನ್ನು ಹೇಳಿದಿರಿ. ಅದಕ್ಕೆ ಯಾರೂ ವಾದ ಹೂಡಲಿಕ್ಕೆ ಬರುವುದಿಲ್ಲ.

ಸೊನ್ನೆ ಬೀಳುವ ಇನ್ನೂ ಕೆಲವು ಜಾಗ ಇವೆ. ದೆವ್ವದ ಪೂರ್ವಾಪರವನ್ನೆಲ್ಲ ಮಂತ್ರವಾದಿಯ ಬಾಯಲ್ಲಿ ಐದು ಪುಟ ಹೇಳಿಸುವುದು. ಎಲ್ಲರೂ ಸೇರಿ ಬೇರೆ ಬೇರೆ ದಿಕ್ಕಿಗೆ ಹುಡುಕಲು ಹೋಗುವುದು (ಯಾರು ಹೋಗ್ತಾರೆ? ನಮ್ಮಲ್ಲಿ ಬ್ಯಾಟರಿ ಹಿಡಿದು ಗುಂಪಾಗಿ ಮಾತಾಡುತ್ತಾ ಹೋಗುತ್ತಾರೆ). ಕೊನೆಗೆ ಕನಸು ಅಂತ ಮುಗಿಸುವುದು. ಕನಸಿನ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಮುನ್ನೂರು ಪುಟ ಓದಿಸಿ ಕನಸು ಅನ್ನುವುದು ಮೋಸ.

ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾ ದೆವ್ವದ ಕತೆ ಹೇಳುತ್ತಿದ್ದವರನ್ನು ನೆನಪು ಮಾಡಿಕೊಳ್ಳಿ. ಈಗ ಸುಲಿಯುವ ಯಂತ್ರ ಬಂದು ಆ ಕೂಟ ಕಡಿಮೆಯಾಗಿದೆ. ಅವರು ದೆವ್ವದ ಮುಖ ವರ್ಣಿಸುವ ಗೋಜಿಗೆ ಹೋಗುತ್ತಿರಲಿಲ್ಲ. ತೋಟದ ದಾರಿಯಲ್ಲಿ ಒಬ್ಬಳು ಎಲೆಗೆ ಸುಣ್ಣ ಕೇಳಿದಳು, ಕೊಡಲಿಕ್ಕೆ ಬಗ್ಗಿದಾಗ ಪಾದ ಹಿಂದುಮುಂದಾಗಿ ಕಂಡಿತು, ಅಷ್ಟಕ್ಕೆ ನಿಲ್ಲಿಸಿ ಮೆಟ್ಟುಗತ್ತಿಗೆ ಇನ್ನೊಂದು ಅಡಿಕೆ ಒತ್ತುತ್ತಿದ್ದರು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಿಮ್ಮ ಪರಿಚಯದವರ ಪುಸ್ತಕದಲ್ಲಿ ಎಲ್ಲಿ ನಿಲ್ಲಿಸಬೇಕಿತ್ತು ಅಂತ ನಿಮಗೆ ಅನಿಸಿದರೆ ಆ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿ. ಅದಕ್ಕಿಂತ ಉಪಯೋಗದ ಸಲಹೆ ಇನ್ನೊಂದಿಲ್ಲ.

ಊರಿನವರಾಗಿ ನೀವು ಹೇಳಬೇಕಾದದ್ದು

ಕತೆ ಮಲೆನಾಡಿನಲ್ಲೇ ನಡೆಯುವುದಾದರೆ ಬೆಂಗಳೂರಿನ ವಿಮರ್ಶಕರಿಗೆ ಕಾಣದ್ದು ನಿಮಗೆ ಕಾಣುತ್ತದೆ. ಊರಿನ ವಿವರ ಒಂದು ತಪ್ಪಿದರೂ ಇಲ್ಲಿನ ಓದುಗರಿಗೆ ಹೆದರಿಕೆ ಬಿಟ್ಟು ನಗು ಬರುತ್ತದೆ.

ಏಪ್ರಿಲ್ ತಿಂಗಳ ಒಣ ದರಗಿನ ಮೇಲೆ ನಾಯಕಿ ಓಡುತ್ತಾಳೆ, ಕಾಲಿಗೆಲ್ಲ ಉಂಬಳ (ಜಿಗಣೆ) ಹತ್ತುತ್ತದೆ ಅಂತ ಬರೆದಿದ್ದರೆ ತಕ್ಷಣ ಹೇಳಿ. ಉಂಬಳ ಏಳುವುದು ಮಳೆ ಹಿಡಿದ ಮೇಲೆ. ಆಗಸ್ಟ್ ತಿಂಗಳಲ್ಲಿ ಆಗುಂಬೆಯ ಸೂರ್ಯಾಸ್ತ ನೋಡಿ ಬರುವಾಗ ಕಾರು ಕೆಡುತ್ತದೆ ಅಂದರೂ ಹಾಗೇ, ಆಗಸ್ಟಿನಲ್ಲಿ ಅಲ್ಲಿ ಎದುರಿಗಿದ್ದವರೇ ಕಾಣುವುದು ಕಷ್ಟ, ಸೂರ್ಯ ಎಲ್ಲಿಂದ ಬರಬೇಕು? ಕಾಳಿಂಗ ಸರ್ಪ ಹಿಂಡಾಗಿ ಮನೆಗೆ ಮುತ್ತಿಗೆ ಹಾಕಿದರೆ ಅದೂ ಸೊನ್ನೆ. ಬೇರೆ ಹಾವುಗಳನ್ನು ತಿಂದು ಬದುಕುವ ಹಾವು ಅದು, ಗುಂಪು ಕಟ್ಟಿಕೊಂಡು ಓಡಾಡುವುದಿಲ್ಲ. ಹೆಣ್ಣು ಕಾಳಿಂಗ ದರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಗುಂಪಿನ ಬದಲು ಅಂಥ ಗೂಡೊಂದು ಕೊಟ್ಟಿಗೆಯ ಹಿಂದೆ ಕಂಡಿತು ಅಂತ ಬರೆದರೆ ಸಾಕು, ನಾನಂತೂ ಆ ಪುಟಕ್ಕೆ ಎರಡು ಗೀಟು ಹಾಕುತ್ತೇನೆ.

ಅಟ್ಟದ ಮೇಲೆ ದಡಬಡ ಸದ್ದು ಕೇಳಿದ ಕೂಡಲೇ ಪಾತ್ರಗಳೆಲ್ಲ ನಡುಗಿದರೆ, ಇವರು ಈ ಮನೆಯವರೇ ಅಲ್ಲ ಅಂತ ಅನಿಸುತ್ತದೆ. ಇಲಿ ಇರಬಹುದು, ಪುನುಗು ಬೆಕ್ಕು ಇರಬಹುದು. ಯಾರಾದರೂ ಒಬ್ಬರು "ಥೂ, ಬೆಕ್ಕು" ಅಂತ ಕೋಲಿನಲ್ಲಿ ಮಾಡಿಗೆ ಕುಟ್ಟಬೇಕು, ಸದ್ದು ನಿಲ್ಲಬೇಕು, ಆಮೇಲೆ ಅಟ್ಟದಿಂದ ಯಾರೋ ಅದೇ ರೀತಿ ತಿರುಗಿ ಕುಟ್ಟಬೇಕು. ಹೀಗೆ ನೀವೇ ಕತೆ ಕಟ್ಟಲಿಕ್ಕೆ ಹೋಗಬೇಡಿ, ಆದರೆ "ನಮ್ಮ ಮನೇಲಾಗಿದ್ರೆ ಮೊದಲು ಬೆಕ್ಕು ಅಂದ್ಕೋತಿದ್ವಿ" ಅಂತ ಹೇಳಿ. ಮಿಕ್ಕದ್ದು ಅವರಿಗೆ ಹೊಳೆಯುತ್ತದೆ. ರಾತ್ರಿ ಕಾಡುಕುರಿ ಬೊಗಳುವುದು, ಬ್ಯಾಟರಿ ಬೆಳಕಿಗೆ ಕಾಡುಪಾಪದ ಕಣ್ಣು ಕೆಂಪಗೆ ಹೊಳೆಯುವುದು, ಮಳೆಗಾಲದಲ್ಲಿ ಕೊಳೆತ ಮರದ ಮೇಲಿನ ಶಿಲೀಂಧ್ರ ಕತ್ತಲಲ್ಲಿ ಹಸಿರಾಗಿ ಮಿನುಗುವುದು, ಇಂಥ ನೀವು ಕಂಡ ಕೇಳಿದ ಸಂಗತಿ ಇದ್ದರೆ ಅವರಿಗೆ ಧಾರಾಳವಾಗಿ ಕೊಡಿ.

ಕಾಲದ ವಿಷಯವೂ ನೋಡಿ. ಶರಾವತಿ ಹಿನ್ನೀರಿನ ಆಚೆಯ ಸಿಗಂದೂರು ದೇವಸ್ಥಾನಕ್ಕೆ ಹೋದವರು ಕೊನೆಯ ಲಾಂಚ್ ತಪ್ಪಿಸಿಕೊಂಡು ರಾತ್ರಿ ಆಚೆ ದಡದಲ್ಲೇ ಸಿಕ್ಕಿಹಾಕಿಕೊಳ್ಳುವುದು ದೆವ್ವದ ಕತೆಗೆ ಹೇಳಿ ಮಾಡಿಸಿದ ಸನ್ನಿವೇಶ. ಆದರೆ ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಿತು. ನಾಯಕನ ಕೈಯಲ್ಲಿ ಹೊಸ ಫೋನ್ ಇದ್ದು, ಅವನು ಲಾಂಚಿಗೆ ಕಾದು ಕೂತಿದ್ದರೆ ಸಾಗರದ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಕತೆ ನಡೆಯುವ ವರ್ಷ ಸ್ವಲ್ಪ ಹಿಂದಕ್ಕೆ ಹಾಕಿ ಅಂತ ಹೇಳಿದರೆ ಮುಗಿಯಿತು.

ಇನ್ನು ಕೆಲವು ವಿಷಯ ಇವೆ, ಅವನ್ನು ಗ್ರೂಪಿನಲ್ಲಿ ಹೇಳಬೇಡಿ. ಒಬ್ಬರೇ ಇದ್ದಾಗ ಹೇಳಿ.

ಚೌಡಿಯ ವಿಷಯ ಮೊದಲನೆಯದು. ಮುಖಪುಟಕ್ಕೆ ಚೆನ್ನಾಗಿ ಕಾಣುತ್ತದೆ ಅಂತ ಚೌಡಿಯನ್ನು ರಕ್ತ ಕುಡಿಯುವ ಪಿಶಾಚಿ ಮಾಡಿದ್ದರೆ ಓದುವವರಿಗೆ ನೋವಾಗುತ್ತದೆ. ಇಲ್ಲಿ ಚೌಡಿ ಊರು ಕಾಯುವವಳು, ತೋಟ ಕಾಯುವವಳು, ವರ್ಷಕ್ಕೊಮ್ಮೆ ಪೂಜೆ ತಗೊಳ್ಳುವವಳು. ತೋಟದ ಬೇಲಿಗೆ, ಹೊಸ ಸೈಟಿಗೆ "ಸಿಗಂದೂರು ಚೌಡೇಶ್ವರಿಯ ಕಾವಲಿದೆ" ಅಂತ ಬೋರ್ಡ್ ಹಾಕುವ ಜನ ನಾವು. ಚೌಡಿಗೆ ಹೆದರುವುದಿಲ್ಲ ಅಂತಲ್ಲ, ಹೆದರುತ್ತೇವೆ, ತಪ್ಪು ಮಾಡಿದರೆ ಬಿಡುವುದಿಲ್ಲ ಅಂತ ಹೆದರುತ್ತೇವೆ. ಆ ಹೆದರಿಕೆ ಬೇರೆ, ದೆವ್ವದ ಹೆದರಿಕೆ ಬೇರೆ. ಬರೆದವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತ ನನಗನಿಸುವುದಿಲ್ಲ, ಬರೆಯುವ ಭರದಲ್ಲಿ ಬಿಟ್ಟುಹೋಗಿರುತ್ತದೆ. ಭೂತಪ್ಪ, ಜಟಕ, ಮಾಸ್ತಿ ಅಂತ ಊರಿನವರು ನಡೆದುಕೊಳ್ಳುವ ದೈವಗಳಿಗೂ ಇದೇ ಮಾತು.

ಎರಡನೆಯದು ಮುಳುಗಡೆ. ಹಿನ್ನೀರಿನ ಕೆಳಗೆ ಮುಳುಗಿದ ಊರು, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ಹಳೆಯ ಗುರುತುಗಳು, ಇದನ್ನು ಬಿಟ್ಟು ಮಲೆನಾಡಿನಲ್ಲಿ ದೆವ್ವದ ಕತೆ ಬರೆಯುವುದೇ ಕಷ್ಟ. ಮಡೆನೂರಿನ ಹಳೆಯ ಅಣೆಕಟ್ಟು ನೀರು ಕಡಿಮೆಯಾದ ವರ್ಷಗಳಲ್ಲಿ ಹಾಗೇ ಎದ್ದು ನಿಲ್ಲುತ್ತದೆ. ಆದರೆ 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಶಿವಮೊಗ್ಗ ಸುತ್ತಮುತ್ತ ಇದ್ದಾರೆ, ಜಮೀನಿನ ಹಕ್ಕಿಗೆ ಈಗಲೂ ಓಡಾಡುತ್ತಿದ್ದಾರೆ. ಅವರ ಅಜ್ಜಿಯ ಊರನ್ನು ಶಾಪದಿಂದ ಮುಳುಗಿದ ಊರು ಮಾಡಿದರೆ ಹೇಗೆ? ಮುಳುಗಿಸಿದ್ದು ಶಾಪ ಅಲ್ಲವಲ್ಲ. ನೀವೇ ಅಂಥ ಮನೆಯವರಾದರೆ ಅದನ್ನು ಹೇಳಲೇಬೇಕು, ಸಿಟ್ಟಿನಿಂದ ಹೇಳಿದರೂ ಪರವಾಗಿಲ್ಲ. ಸೊರಬದ ಕಡೆಯವರಿಗೆ ಕಾಡಿನಲ್ಲಿ ಮಂಗ ಸತ್ತುಬಿದ್ದ ದೃಶ್ಯವೂ ಹಾಗೇ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತು ಹಿಡಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂದರೆ ಜೀವ ತೆಗೆಯುತ್ತದೆ. ಸತ್ತ ಮಂಗ ಅಂದರೆ ಅವರಿಗೆ ದೆವ್ವ ನೆನಪಾಗುವುದಿಲ್ಲ, ಆ ಕಾಯಿಲೆ ಹರಡುವ ಉಣುಗು ನೆನಪಾಗುತ್ತದೆ, ಆಸ್ಪತ್ರೆ ನೆನಪಾಗುತ್ತದೆ.

ಮೂರನೆಯದು, ಹೆಸರು ಬದಲಾಯಿಸಿದರೂ ಆ ಮನೆ ಯಾರದು ಅಂತ ಊರಿಗೆಲ್ಲ ಗೊತ್ತಾಗುವ ಹಾಗೆ ಬರೆದಿದ್ದರೆ. ಬಾವಿಗೆ ಬಿದ್ದು ಸತ್ತ ಸೊಸೆ, ಎರಡು ಅಂಕಣದ ಉಪ್ಪರಿಗೆ, ಹಲಸಿನ ಮರ, ಎಲ್ಲ ಹಾಗೇ ಇಟ್ಟು ಊರಿನ ಹೆಸರಿನಲ್ಲಿ ಒಂದಕ್ಷರ ತಿದ್ದಿದರೆ ಏನು ಬಂತು? ಆ ಹೆಣ್ಣುಮಗಳ ತಂಗಿಯೋ ಮಗನೋ ಇನ್ನೂ ಇರುತ್ತಾರೆ. ಇದನ್ನು ಪುಸ್ತಕ ಬಂದ ಮೊದಲ ವಾರದಲ್ಲೇ ಹೇಳಿ, ತಡ ಮಾಡಬೇಡಿ. ಮುಂದಿನ ಮುದ್ರಣದಲ್ಲಾದರೂ ಬದಲಾಯಿಸಬಹುದು.

ಹೇಳುವ ಬಗೆ

ವಯಸ್ಸಿನಲ್ಲಿ ದೊಡ್ಡವರಾದರೆ ಫೋನ್ ಮಾಡಿ ಅಥವಾ ಮನೆಗೆ ಹೋಗಿ. "ಸರ್, ಪುಸ್ತಕ ಓದಿ ಮುಗಿಸಿದೆ. ಎರಡು ಮೂರು ಕಡೆ ಜೋರು ಹೆದರಿಕೆ ಆಯ್ತು, ಅದರ ಬಗ್ಗೆ ಮಾತಾಡೋಣ ಅಂತ ಬಂದೆ" ಅಂತ ಶುರು ಮಾಡಿ. ಅವರು ಕಾಫಿ ತರಿಸುತ್ತಾರೆ, ನಿಮ್ಮ ಪ್ರತಿಯಲ್ಲಿ ಪೆನ್ಸಿಲ್ ಗುರುತು ನೋಡುತ್ತಾರೆ, ಆ ಗುರುತು ನೋಡಿಯೇ ಅರ್ಧ ಖುಷಿಯಾಗುತ್ತದೆ. ಆಮೇಲೆ ಮೆಲ್ಲಗೆ "ಒಂದು ಕೇಳ್ಲಾ ಸರ್, ಮಂತ್ರವಾದಿ ಬಂದಮೇಲೆ ನಂಗೆ ಯಾಕೋ ಹೆದರಿಕೆ ಹೋಯ್ತು, ನಿಮಗೇನನಿಸ್ತು ಬರೆಯುವಾಗ?" ಅಂತ ಕೇಳಿ. ಪ್ರಶ್ನೆಯಾಗಿ ಕೇಳಿದರೆ ಅವರೇ ಹೇಳಿಬಿಡುತ್ತಾರೆ, "ಅಲ್ಲಿ ನಂಗೂ ಸ್ವಲ್ಪ ಎಳೆದ ಹಾಗೆ ಅನಿಸಿತ್ತು ಮಾರಾಯ" ಅಂತ.

ಸ್ನೇಹಿತರಾದರೆ ಇಷ್ಟೆಲ್ಲ ಬೇಡ. "ಎಂತ ಮಾರಾಯ, ಹಂಡೆ ನೀರು ಬರೆದು ಹೆದರಿಸಿದವ ಉಪ್ಪರಿಗೇಲಿ ಎಂತಕ್ಕೆ ಗೊಂಬೆ ನಿಲ್ಸಿದ್ದು?" ಅಂದರೆ ಸಾಕು.

ಕೆಲವು ಮಾತು ಯಾರಿಗೂ ಹೇಳಬೇಡಿ. "ನೀವು ಇಂಥದ್ದೆಲ್ಲ ಯೋಚ್ನೆ ಮಾಡ್ತೀರಾ!" ಅನ್ನುವುದು ಒಂದು. ಹೆದರಿಸುವ ಕತೆ ಬರೆದವರ ತಲೆ ಸರಿ ಇಲ್ಲ ಅನ್ನುವ ಧ್ವನಿ ಅದರಲ್ಲಿದೆ. "ಇಷ್ಟು ಚೆನ್ನಾಗಿ ಬರೀತೀರಿ, ಒಳ್ಳೆ ವಿಷಯ ಬರೀಬಾರದಾ" ಇನ್ನೊಂದು. ಮತ್ತೊಂದು ನಮ್ಮ ಜಿಲ್ಲೆಯದೇ ರೋಗ: ತೀರ್ಥಹಳ್ಳಿ ಒಂದೇ ತಾಲೂಕಿನಿಂದ ಕುವೆಂಪು ಅವರಿಗೆ 1967ರ, ಅನಂತಮೂರ್ತಿ ಅವರಿಗೆ 1994ರ ಜ್ಞಾನಪೀಠ ಬಂತು ಅಂತ ಇಲ್ಲಿ ಯಾರು ಪೆನ್ನು ಹಿಡಿದರೂ ಆ ಅಳತೆಗೋಲು ತರುತ್ತೇವೆ. ರಾತ್ರಿ ಹೆದರಿಸಲಿಕ್ಕೆ ಅಂತ ಬರೆದವರನ್ನು ಅವರ ಪಕ್ಕ ನಿಲ್ಲಿಸಿ ಹೊಗಳಿದರೂ ತಮಾಷೆಯಾಗುತ್ತದೆ, ತೆಗಳಿದರೂ ತಮಾಷೆಯಾಗುತ್ತದೆ. ದೆವ್ವ ಇದೆಯೋ ಇಲ್ಲವೋ ಅನ್ನುವ ಚರ್ಚೆಯೂ ಬೇಡ, ಅದು ಬೇರೆ ದಿನದ್ದು.

ಕಾಗುಣಿತ

ಸ್ವಂತವಾಗಿ ತಂದ ಪುಸ್ತಕದಲ್ಲಿ ಅಚ್ಚಿನ ತಪ್ಪು ಇದ್ದೇ ಇರುತ್ತದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ತಂದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕಿತ್ತುಹೋಗುತ್ತವೆ. ಕರಡು ತಿದ್ದಿದವರು ಮನೆಯವರೇ ಆಗಿರುತ್ತಾರೆ. ಮೊದಲ ದಿನವೇ ತಪ್ಪುಗಳ ಪಟ್ಟಿ ಕಳಿಸಬೇಡಿ, ಕತೆಯ ಮಾತು ಮುಗಿದ ಮೇಲೆ ಪುಟ ಮತ್ತು ಸಾಲಿನ ನಂಬರ್ ಹಾಕಿ ಅವರೊಬ್ಬರಿಗೇ ಕಳಿಸಿ. ಬೇಡಿಕೆ ಬಂದ ಹಾಗೆ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆಯಲ್ಲಿ ತಂದಿದ್ದರೆ ಫೈಲ್ ತಿದ್ದಿ ಹಾಕಿದರೆ ಮುಂದಿನ ಪ್ರತಿಯಿಂದಲೇ ಸರಿಯಾಗುತ್ತದೆ. ಒಟ್ಟಿಗೆ ಅಚ್ಚಾಗಿ ಮಂಚದ ಕೆಳಗೆ ಕೂತಿದ್ದರೆ ಪಟ್ಟಿ ನೋಡಿ ಅವರು ಕೊರಗುವುದು ಬಿಟ್ಟು ಬೇರೇನೂ ಮಾಡುವ ಹಾಗಿಲ್ಲ, ಎರಡನೇ ಮುದ್ರಣದ ಮಾತು ಬರುವವರೆಗೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹಾಗೇ ಹಿಂಬದಿಯಲ್ಲಿ ಐಎಸ್‌ಬಿಎನ್ ಇಲ್ಲದಿದ್ದರೆ ಕೇಳಿ ನೋಡಿ. ನಮ್ಮಲ್ಲಿ ಅದನ್ನು ರಾಜಾ ರಾಮಮೋಹನ್ ರಾಯ್ ಹೆಸರಿನ ಕೇಂದ್ರ ಸರ್ಕಾರದ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಇದಕ್ಕೆ ದುಡ್ಡು ಕಟ್ಟಬೇಕು ಅಂದುಕೊಂಡು ಬಿಟ್ಟವರು ಇದ್ದಾರೆ.

ನಾಲ್ಕು ಜನಕ್ಕೆ ಕಾಣುವ ಹಾಗೆ ಬರೆಯುವುದು

ಅಮೆಜಾನ್‌ನಲ್ಲಿ ಐದು ನಕ್ಷತ್ರ ಹಾಕಿ ಅಂತ ಬರೆದವರು ಕೇಳಬಹುದು. ಅಲ್ಲಿನ ನಿಯಮದ ಪ್ರಕಾರ ಲೇಖಕರ ಮನೆಯವರು, ಹತ್ತಿರದ ಸ್ನೇಹಿತರು ವಿಮರ್ಶೆ ಬರೆಯುವ ಹಾಗಿಲ್ಲ. ಗೊತ್ತಾದರೆ ತೆಗೆದುಹಾಕುತ್ತಾರೆ. ಹತ್ತಿರದವರಾದರೆ ಇದನ್ನು ನೇರ ಹೇಳಿ, "ನಾನು ಹಾಕಿದ್ರೆ ಕಿತ್ತಾಕ್ತಾರೆ ಅಣ್ಣ, ನನ್ನ ಗೋಡೆ ಮೇಲೆ ಬರೀತೀನಿ" ಅಂತ. ಬರೀ ಮುಖಪರಿಚಯವಾದರೆ ಬರೆಯಬಹುದು. ನಿಮ್ಮ ಫೇಸ್‌ಬುಕ್‌ನಲ್ಲಿ ಬರೆಯುವಾಗ "ಬರೆದವರು ನನಗೆ ಪರಿಚಯ" ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಿ. ಹಾಗೆ ಹಾಕಿದ ಮೇಲೆ ನೀವು ಹೊಗಳಿದರೂ ಜನ ನಂಬುತ್ತಾರೆ.

ಏನು ಬರೆಯಬೇಕು? ಎಲ್ಲಿ ನಡೆಯುವ ಕತೆ, ಯಾವ ಬಗೆಯ ಹೆದರಿಕೆ, ಯಾರಿಗೆ ಹಿಡಿಸಬಹುದು. ರಕ್ತಪಾತ ಇದೆಯಾ, ಮಕ್ಕಳ ಕೈಗೆ ಕೊಡಬಹುದಾ. ಗೀಟು ಹಾಕಿದ ಒಂದು ಸಾಲು. ಎಲ್ಲಿ ಸಿ‌ಗುತ್ತದೆ, ಬೆಲೆ ಎಷ್ಟು. ಕೊನೆಯಲ್ಲಿ ದೆವ್ವ ಯಾರು ಅಂತ ಮಾತ್ರ ಬಿಟ್ಟುಕೊಡಬೇಡಿ, ಕಮೆಂಟಿನಲ್ಲಿ ಕೇಳಿದರೂ. ನಿಮ್ಮ ಆಕ್ಷೇಪ ಒಂದಿದ್ದರೆ ಅದನ್ನೂ ಒಂದು ಸಾಲು ಬರೆಯಿರಿ. ಆಕ್ಷೇಪವೇ ಇಲ್ಲದ ವಿಮರ್ಶೆ ಮದುವೆ ಮನೆಯ ಆಹೇರಿ ಕವರಿನ ಹಾಗೆ, ಯಾರೂ ತೆರೆದು ಓದುವುದಿಲ್ಲ, ಹೆಸರು ನೋಡಿ ಇಡುತ್ತಾರೆ.

ಬಿಡುಗಡೆ ಸಮಾರಂಭದಲ್ಲಿ "ನೀವೂ ಎರಡು ಮಾತಾಡಿ" ಅಂತ ಮೈಕ್ ಕೈಗೆ ಕೊಟ್ಟರೆ, ಓದಿಲ್ಲದಿದ್ದರೆ ಓದಿಲ್ಲ ಅಂತಲೇ ಹೇಳಿ, ಮೊದಲ ಪುಟ ಅಲ್ಲೇ ಗಟ್ಟಿಯಾಗಿ ಓದಿ ಕೂತುಬಿಡಿ. ಕೇಳುವವರಿಗೂ ಅದೇ ಇಷ್ಟ.

ಹಿಡಿಸಲೇ ಇಲ್ಲ ಅಂದರೆ

ಎಲ್ಲಿ ಬಿಟ್ಟಿರಿ ಅದನ್ನು ಹೇಳಿ. "ಪುಟ 60ರವರೆಗೆ ಓದಿದೆ, ಮುಂದೆ ಹೋಗಲಿಕ್ಕೆ ಆಗಲಿಲ್ಲ" ಅನ್ನುವುದು ಬರೆದವರಿಗೆ ಬೇಸರ ತರುತ್ತದೆ, ಆದರೆ ಅದರಿಂದ ಅವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಅದೇ ಜಾಗದಲ್ಲಿ ಇನ್ನಿಬ್ಬರು ಬಿಟ್ಟಿದ್ದರೆ ಆ ಅಧ್ಯಾಯದಲ್ಲಿ ಏನೋ ಎಡವಟ್ಟಾಗಿದೆ ಅಂತ. ನಿಮಗೆ ದೆವ್ವದ ಕತೆಯೇ ಒಗ್ಗುವುದಿಲ್ಲ ಅಂದರೆ ಅದನ್ನು ಮೊದಲೇ ತಿಳಿಸಿ, ಆಗ ನಿಮ್ಮ ಮಾತನ್ನು ಅವರು ಅಷ್ಟಕ್ಕೇ ತಗೊಳ್ಳುತ್ತಾರೆ. ಪೂರ್ತಿ ಪುಸ್ತಕದಲ್ಲಿ ಒಂದೇ ಗೀಟು ಬಿದ್ದಿದ್ದರೆ ಆ ಒಂದು ಗೀಟಿನಿಂದಲೇ ಮಾತು ಶುರು ಮಾಡಿ. ಒಂದೂ ಬೀಳದಿದ್ದರೆ? ಇದು ನಿಜವಾಗಿ ಕಷ್ಟ. ಕೇಳುವವರೆಗೆ ಸುಮ್ಮನಿರಿ. ಕೇಳಿದರೆ "ನನಗೆ ಹೆದರಿಕೆ ಆಗಲಿಲ್ಲ" ಅಂತ ಒಂದೇ ಸಾಲು ಹೇಳಿ ನಿಲ್ಲಿಸಿ, ಕಾರಣದ ಪಟ್ಟಿ ಬಿಚ್ಚಬೇಡಿ. ಅವರೇ ಯಾಕೆ ಅಂತ ಕೇಳಿದರೆ ಆಗ ಕೂತು ಮಾತಾಡಿ. ಕೇಳದಿದ್ದರೆ ಅವರಿಗೆ ಬೇಡ ಅಂತ ಅರ್ಥ, ಮುಂದಿನ ಸಲ ಸೊಸೈಟಿಯಲ್ಲಿ ಸಿಕ್ಕಾಗ ಅಡಿಕೆ ರೇಟಿನ ವಿಷಯ ಮಾತಾಡಿ.

ನಿಮ್ಮ ಪ್ರತಿ ಯಾರಿಗಾದರೂ ಓದಲಿಕ್ಕೆ ಕೊಡುವ ಮೊದಲು ಪೆನ್ಸಿಲ್ ಗುರುತು ಅಳಿಸಿ. ಇಲ್ಲದಿದ್ದರೆ ಗೀಟು ಹತ್ತಿರ ಬಂದ ಹಾಗೆ ಅವರು ಮೊದಲೇ ಎದೆ ಗಟ್ಟಿ ಮಾಡಿಕೊಂಡುಬಿಡುತ್ತಾರೆ.

ಇಷ್ಟು ಶ್ರದ್ಧೆಯಿಂದ ಓದಿ ಹೇಳಿದವರಿಗೆ ಒಂದು ಅಪಾಯ ಕಾದಿರುತ್ತದೆ, ಎರಡನೇ ಭಾಗದ ಕರಡು ಮನೆಗೆ ಬರುತ್ತದೆ. ಒಪ್ಪಿಕೊಳ್ಳುವುದಾದರೆ ಪೂರ್ತಿ ಮುಗಿದ ಕರಡೇ ಬೇಕು ಅನ್ನಿ, ಅಧ್ಯಾಯ ಅಧ್ಯಾಯವಾಗಿ ವಾಟ್ಸಾಪಿಗೆ ಕಳಿಸಬೇಡಿ ಅನ್ನಿ, ಹಾಳೆಯ ಒಂದೇ ಮಗ್ಗುಲಿಗೆ ಸಾಲಿನ ಮಧ್ಯೆ ಜಾಗ ಬಿಟ್ಟು ಪ್ರಿಂಟ್ ಹಾಕಿಸಿ ಕೊಡಲಿ. ಯಾವಾಗ ಹೇಳುತ್ತೀರಿ ಅಂತ ದಿನವನ್ನೂ ನೀವೇ ಗೊತ್ತುಮಾಡಿ. ನವೆಂಬರ್ ನಂತರ ತಂದರೆ ಮಾತ್ರ ಮುಲಾಜಿಲ್ಲದೆ ಹೇಳಿಬಿಡಿ, ಕೊನೆಕೊಯ್ಲು ಮುಗಿಯುವವರೆಗೆ ದೆವ್ವ ಬಂದು ಕೇಳಿದರೂ ಓದಲಿಕ್ಕೆ ಆಗಲ್ಲ ಅಂತ.